ಬಾಗಿಲು ಮುಚ್ಚಿದ ಕ್ರಿಸ್ಮಸ್

ಬೆಳ್ಳುಳ್ಳಿ ಹಾಕಿ ಕಾಸಿದ ಎಳ್ಳೆಣ್ಣೆಯ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ನನಗೆ ಕ್ರಿಸ್ಮಸ್ ನೆನಪಾಗುತ್ತದೆ. ಬೇರೆಯವರಿಗೆ ಕೇಕು, ಮೇಣದಬತ್ತಿ, ಹೊಸ ಬಟ್ಟೆ ನೆನಪಾಗಬಹುದು. ನನ್ನ ಪಾಲಿಗೆ ಬಂದದ್ದು ಬೆಳ್ಳುಳ್ಳಿ ಎಣ್ಣೆ. ಗೋಕಾಕ ಫಾಲ್ಸಿನಲ್ಲಿ ಮಿಲ್ಲಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಎರಡು ಖೋಲಿಯ ಬಾಡಿಗೆ ಮನೆ ಈಗಿಲ್ಲ, ಅಪ್ಪ ಅವ್ವನೂ ಇಲ್ಲ. ಆ ಮನೆಯಲ್ಲಿ ಅವ್ವ ಬೆಳಿಗ್ಗೆ ಸಂಜೆ ಆ ಎಣ್ಣೆಯನ್ನು ಅಪ್ಪನ ಬಲಗೈಗೆ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಅವಳ ಅಂಗೈ ಕೆಂಪಾಗುತ್ತಿತ್ತು, ಅಪ್ಪನ ಕೈ ಮಾತ್ರ ಅಲುಗುತ್ತಿರಲಿಲ್ಲ.

ಇಬ್ಬರೂ ಯೇಸುವಿನ ಸುವಾರ್ತೆ ಸಾರುತ್ತ ಊರೂರು ತಿರುಗಿದವರು. ಮೂಡಲಗಿ, ಹುಕ್ಕೇರಿ, ತುಕ್ಕಾನಟ್ಟಿ, ಹತ್ತರಗಿ ಎಂದು ಹಳೆಯ ಮೋಟಾರ್‌ಸೈಕಲ್ಲಿನ ಮೇಲೆ ನನ್ನನ್ನು ನಡುವೆ ಕೂರಿಸಿಕೊಂಡು ಹೋಗುತ್ತಿದ್ದರು. ಕ್ರಿಸ್ಮಸ್ ದಿನ ನಾವು ನಮ್ಮ ಮನೆಯಲ್ಲಿ ಉಂಡವರೇ ಅಲ್ಲ. ಬೆಳಿಗ್ಗೆ ಹತ್ತರಗಿ, ಸಂಜೆ ತುಕ್ಕಾನಟ್ಟಿ. "ಒಂದ ವರ್ಷರ ನಮ್ಮ ಮನ್ಯಾಗ ಹಬ್ಬ ಮಾಡೂಣು" ಎಂದು ನಾನು ಪ್ರತಿ ಸಲ ಗೋಳು ಹೊಯ್ದುಕೊಳ್ಳುತ್ತಿದ್ದೆ. ಅಪ್ಪ ನಕ್ಕು, "ಮಂದಿ ಮನೀನ ನಮ್ಮ ಮನಿ, ಮಗಳ" ಎನ್ನುತ್ತಿದ್ದ. ಕೊನೆಗೆ ನಾನು ಕೇಳಿದ್ದು ಸಿಕ್ಕಿತು, ಹಾಗೆ ಸಿಗಬಾರದಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ದವಾಖಾನೆಯಿಂದ ಬಂದ ಮೇಲೆ ನೀರು, ಅವ್ವ, ಸಾಕು ಎಂದು ಒಂದೊಂದೇ ಮಾತು ಮರಳಿದ್ದವು. ಕ್ರಿಸ್ಮಸ್ ಹತ್ತಿರ ಬಂದಾಗ ಮತ್ತೊಮ್ಮೆ ಹೊಡೆದು, ಬಂದ ಮಾತೂ ಹೋಯಿತು. ಅಪ್ಪನಿಗೆ ಮೈ ಸರಿಯಿಲ್ಲ ಎಂದಷ್ಟೇ ಸಭೆಯ ಜನರಿಗೆ ಗೊತ್ತಿತ್ತು, ಲಕ್ವ ಎಂದು ಅವ್ವ ಯಾರಿಗೂ ಹೇಳಿರಲಿಲ್ಲ. ತಲೆಯ ಮೇಲೆ ಕೈಯಿಟ್ಟು ಕಂಡವರ ರೋಗಕ್ಕೆಲ್ಲ ಪ್ರಾರ್ಥಿಸಿದವನು ತಾನೇ ಹಾಸಿಗೆ ಹಿಡಿದಿದ್ದಾನೆಂದರೆ ಜನರ ವಿಶ್ವಾಸ ಕುಸಿದೀತು ಎಂಬ ಭಯ. ದೇವರ ಮಾನ ಕಾಯುವ ಕೆಲಸವನ್ನು ನಮ್ಮ ಎರಡು ಖೋಲಿಯ ಮನೆ ತಲೆಯ ಮೇಲೆ ಹೊತ್ತುಕೊಂಡಿತ್ತು! ಎಂದೂ ಸುಳ್ಳಾಡದ ಅವ್ವ ಹತ್ತರಗಿಯವರಿಗೆ ಫೋನು ಮಾಡಿ, ಈ ಸಲ ತುಕ್ಕಾನಟ್ಟಿಗಷ್ಟೇ ಹೋಗುತ್ತೇವೆ ಎಂದಳು. ತುಕ್ಕಾನಟ್ಟಿಯವರಿಗೆ ಹತ್ತರಗಿಗಷ್ಟೇ ಎಂದಳು.

ಹಬ್ಬದ ದಿನ ಬಾಗಿಲು ತೆಗೆಯಲಿಲ್ಲ, ನಕ್ಷತ್ರ ತೂಗುಹಾಕಲಿಲ್ಲ. ಕರ್ಚಿಕಾಯಿ ಕರಿದರೆ ವಾಸನೆ ಓಣಿಗೆ ಹೋಗಿ, ಮನೆಯಲ್ಲಿದ್ದೇವೆಂದು ಯಾರಿಗಾದರೂ ತಿಳಿದೀತೆಂದು ಒಲೆಯನ್ನೂ ಹಚ್ಚಲಿಲ್ಲ. ವಿಷಯ ಗೊತ್ತಿದ್ದವಳು ಬಾಜೂ ಮನೆಯ ಮೆಹಬೂಬಿ ಒಬ್ಬಳೇ. ಅವಳು ಹಿತ್ತಲ ಬಾಗಿಲಿನಿಂದ ಬಿಸಿ ಶಿರಾ ತಂದು, "ಕೂಸಿಗರ ಒಂದ ತುತ್ತು ಹಾಕವಾ, ಹಬ್ಬದ ದಿನಾ ಹಸದ ಕುಂದರಸಬಾರದು" ಎಂದು ಬಯ್ದು ಹೋದಳು. ಅವ್ವ ಅಪ್ಪನ ಬಾಯಿಗೂ ಚೂರು ಇಟ್ಟಳು. ಅದು ತುಟಿಯ ಸಂದಿಯಿಂದ ಜಾರಿ ಅಂಗಿಯ ಮೇಲೆ ಬಿತ್ತು. ಅವಳು ತಟ್ಟೆ ಕೆಳಗಿಟ್ಟು ಗೋಡೆಗೆ ಒರಗಿ, "ಯಾರ್ಯಾರ ಸಲುವಾಗೋ ಕೇಳಿದಿ. ನಿನ್ನ ಸಲುವಾಗಿ ನಾ ಕೇಳಿದ್ರ ಮ್ಯಾಲಿನಂವಾ ಕಿವಿ ಮುಚಗೊಂಡಾನ" ಎಂದಳು. ಅವ್ವನ ಬಾಯಿಂದ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಅಪ್ಪ ಸತ್ತೇ ಹೋಗುತ್ತಾನೆ ಎಂದು ನನಗೆ ಗೊತ್ತಾದದ್ದು ಆಗ.

ಸುಳ್ಳು ಸಂಜೆಯವರೆಗೂ ಬಾಳಲಿಲ್ಲ. ತುಕ್ಕಾನಟ್ಟಿಯ ಕಲ್ಲವ್ವನ ಮಗಳನ್ನು ಹತ್ತರಗಿಗೆ ಕೊಟ್ಟಿತ್ತು. ತಾಯಿ ಮಗಳು ಫೋನಿನಲ್ಲಿ ಮಾತಾಡಿದಾಗ ಪಾಸ್ಟರು ಎರಡೂ ಊರಿಗೆ ಬಂದಿಲ್ಲವೆಂದು ತಿಳಿದುಹೋಯಿತು. ಹೊತ್ತು ಮುಳುಗುವ ಮೊದಲೇ ಟಂಟಂ ಗಾಡಿ ತುಂಬ ಮಂದಿ ನಮ್ಮ ಬಾಗಿಲಲ್ಲಿದ್ದರು.

"ಬಾಗಲಾ ತಗೀರಿ ಅಕ್ಕಾರ, ನಾವ್ರಿ, ತುಕ್ಕಾನಟ್ಯಾವ್ರು."

ಅವ್ವ ತೆಗೆದಳು. ಕಲ್ಲವ್ವ ಒಳಗೆ ಬಂದು ಅಪ್ಪನನ್ನು ನೋಡಿ ಸೆರಗು ಬಾಯಿಗೆ ಹಿಡಿದಳು. "ನಮ್ಮ ಮುಂದ ಮುಚ್ಚಿಡೂದೇನಿತ್ರಿ? ನಾವೇನು ಹೊರಗಿನವ್ರೇನ್ರಿ?" ಎಂದಳು. ಅಪ್ಪ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡ. ನಾಚಿಕೆಯಿಂದ ಅವನ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು.

ಎಲ್ಲರೂ ಹಾಸಿಗೆಯ ಸುತ್ತ ಮೊಣಕಾಲೂರಿ ಕಣ್ಣು ಮುಚ್ಚಿದರು. ಆಮೇಲೆ ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ಇಷ್ಟು ವರ್ಷ ಅವರ ಪರವಾಗಿ ಬಾಯಿ ಬಿಟ್ಟು ಬೇಡಿದವನು ಅಪ್ಪನೇ. ಅವನ ದನಿ ನಿಂತಾಗ ಹಾಗೇ ಆಗಲಿ ಎಂದು ಆಮೆನ್ ಹೇಳುವುದಷ್ಟೇ ಅವರಿಗೆ ರೂಢಿ. ಅವ್ವ ಒಂದು ಮಾತು ಎತ್ತಲು ಹೋಗಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. "ಅಕ್ಕಾರ, ನಮಗ ಪ್ರಾರ್ಥನಿ ಮಾಡಾಕ ಬರಂಗಿಲ್ಲರಿ" ಎಂದು ಕಲ್ಲವ್ವ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು.

ಆಗ ಅಪ್ಪ ಗೋಡೆಯಿಂದ ಮುಖ ತಿರುಗಿಸಿದ. ಸೊಟ್ಟ ತುಟಿಯಿಂದ ಏನೋ ಹೊರಟಿತು. ಮಾತಲ್ಲ, ಬರೀ ಗೊರಗೊರ ಸದ್ದು. ಒಮ್ಮೆ ಏರಿತು, ತಡವರಿಸಿತು, ಮತ್ತೆ ಏರಿತು. ಕಣ್ಣು ತೆರೆದು ನೋಡುತ್ತಿದ್ದವಳು ನಾನೊಬ್ಬಳೇ. ಅವನ ಕೊರಳಿನ ನರಗಳು ಉಬ್ಬಿದ್ದವು, ಕಣ್ಣೀರು ಕಿವಿಯವರೆಗೆ ಇಳಿಯುತ್ತಿತ್ತು. ಸದ್ದು ನಿಂತಿತು. ಎಲ್ಲರೂ ಒಟ್ಟಿಗೇ ಗಟ್ಟಿಯಾಗಿ, "ಆಮೆನ್" ಎಂದೆವು.

ಅದೇ ಅಪ್ಪನ ಕೊನೆಯ ಪ್ರಾರ್ಥನೆ. ಅವನು ಈಸ್ಟರ್ ಕಾಣಲಿಲ್ಲ. ಆ ದಿನ ಅವನು ಬೇಡಿದ್ದು ಜೀವವನ್ನೋ ಸಾವನ್ನೋ ನಮಗೆ ಯಾರಿಗೂ ತಿಳಿಯಲಿಲ್ಲ, ಆದರೂ ಹಾಗೇ ಆಗಲಿ ಎಂದಿದ್ದೆವು.