ಸದ್ದಿಲ್ಲದ ಕೀ
ಪಿಯಾನೊ ಮೇಡಂ ಪಾಠ ಶುರು ಮಾಡುವುದೇ ಶಿಷ್ಯೆಯ ಪುಸ್ತಕ ಕಿತ್ತುಕೊಂಡು ಅದರ ಮೇಲೆ ತಾವೇ ಕೂತುಬಿಡುವುದರಿಂದ. ಪರೀಕ್ಷೆಯಲ್ಲಿ ನಾಲ್ಕು ಸ್ವರ ಕೊಟ್ಟು ‘ಇದನ್ನ ಇಲ್ಲೇ ಬೆಳೆಸು’ ಅಂದಾಗ ಯಾವ ಪುಸ್ತಕ ಕೈಹಿಡಿಯುತ್ತೆ ಎನ್ನುವುದು ಅವರ ವಾದ. ಹಾಗಾಗಿ ಕುಕ್ಕರ್ ಕೂಗಿದರೆ ಅದರ ಶ್ರುತಿ ಹಿಡಿಯಬೇಕು, ಬಾಗಿಲ ಗಂಟೆ ಬಾರಿಸಿದರೆ ಅದಕ್ಕೆ ಉತ್ತರ ನುಡಿಸಿ ಮುಗಿಸುವವರೆಗೂ ಬಾಗಿಲು ತೆರೆಯುವಂತಿಲ್ಲ. ಅಂಚೆಯವನು ಹೊರಗೆ ಕಾದು ಕಾದು ಈಗ ತಾಳ ಹಾಕಲು ಕಲಿತಿದ್ದಾನೆ. ಹುಡುಗಿ ತಪ್ಪಿ ನಿಂತರೆ, “ನಿಲ್ಲಿಸಿದ್ಯಾಕೆ? ಅದೇ ತಪ್ಪನ್ನ ಇನ್ನೆರಡು ಸಲ ನುಡಿಸು, ಬೇಕಂತಲೇ ಮಾಡಿದ್ದು ಅಂದ್ಕೋತಾರೆ” ಎಂದು ಗದರುತ್ತಾರೆ. ವರ್ಷಕ್ಕೊಮ್ಮೆ ಪಿಯಾನೊ ಶ್ರುತಿ ಮಾಡಲು ಬರುವವನು, ಒತ್ತಿದರೆ ಬರೀ ಟಕ್ ಎನ್ನುವ ನಡುವಿನ ಕೀಯೊಂದನ್ನು ತೋರಿಸಿ, “ಇದೊಂದು ಸರಿ ಮಾಡಿಬಿಡ್ಲಾ ಮೇಡಂ?” ಎಂದು ಗೋಗರೆಯುತ್ತಾನೆ, ಮೇಡಂ “ಅದನ್ನ ಮುಟ್ಟಿದ್ರೆ ಅಷ್ಟೇ!” ಎನ್ನುತ್ತಾರೆ. ಪರೀಕ್ಷೆಗೆ ಎರಡು ದಿನ ಇರುವಾಗ ಹುಡುಗಿಯ ಬೆರಳು ಸರಿಯಾಗಿ ಅದರ ಮೇಲೇ ಬಿತ್ತು. “ಇದನ್ಯಾಕೆ ಮೇಡಂ ಹೀಗೇ ಬಿಟ್ಟಿದ್ದೀರಿ?” ಎಂದು ಅವಳು ಅಳುಮೋರೆ ಮಾಡಿದಳು. ಮೇಡಂ ಮೊದಲ ಸಲ ಪುಸ್ತಕದ ಮೇಲಿಂದ ಎದ್ದರು. “ನಿನ್ನ ವಯಸ್ಸಲ್ಲಿ ನನ್ನ ಪರೀಕ್ಷೆಯಲ್ಲೂ ಒಂದು ಕೀ ನುಡೀಲಿಲ್ಲ. ನಾನು ಎದ್ದು ಹೊರಗೆ ಬಂದ್ಬಿಟ್ಟೆ.” ಹುಡುಗಿ ಪುಸ್ತಕದ ಕಡೆಗೆ ನೋಡಲಿಲ್ಲ. ಮತ್ತೆ ಅದೇ ಕೀ ಒತ್ತಿದಳು, ಟಕ್, ಇನ್ನೊಮ್ಮೆ, ಟಕ್, ಮೂರನೆಯ ಸಲಕ್ಕೆ ಅವಳ ಎಡಗೈ ಆ ಟಕ್ಕಿನ ಜೊತೆ ಹೆಜ್ಜೆ ಹಾಕಿ ಹೊರಟೇಬಿಟ್ಟಿತ್ತು.