ತಂಗಿಯ ಎಂಟು ವರ್ಷ

ಫೋನಿನಲ್ಲಿ ಹೇಳಬೇಕಾಗಿದ್ದ ಒಂದು ‘ಹೌದು’ ನಾನು ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲಿಕ್ಕೂ ತಿಂಗಳು ಕಳೆಯಿತು. ಅಷ್ಟರಲ್ಲಿ ನನ್ನ ತಂಗಿಯ ಆಸ್ಟ್ರೇಲಿಯಾ ಅರ್ಜಿ ಕೆಟ್ಟುಹೋಗಿತ್ತು.

ನಾವಿಬ್ಬರೂ ಚನ್ನಪಟ್ಟಣದ ಒಂದೇ ಬೊಂಬೆ ಕಾರ್ಖಾನೆಯಲ್ಲಿದ್ದೆವು. ಬೆಳಿಗ್ಗೆ ಕೂಟಗಲ್ಲಿನಿಂದ ಬಸ್ಸು ಹಿಡಿದು, ರಾಮನಗರದಲ್ಲಿ ಇಳಿದು ಇನ್ನೊಂದು ಹತ್ತುತ್ತಿದ್ದೆವು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪ್ಯಾಕಿಂಗ್ ಮೇಜಿನಲ್ಲಿ ಬೊಂಬೆಗಳಿಗೆ ಪೇಪರ್ ಸುತ್ತುತ್ತಿದ್ದೆ. ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಎಂಟು ವರ್ಷ ಲೇತಿನ ಮುಂದೆ ಕೂತಿದ್ದಳು. ತಿರುಗುವ ಮರದ ತುಂಡಿಗೆ ಅವಳು ಉಳಿ ಹಿಡಿದರೆ ಅಳತೆ ನೋಡುವ ಅಗತ್ಯವಿರಲಿಲ್ಲ. ಅವಳು ಅರಗು ಒತ್ತಿ ಬಣ್ಣ ಕೂರಿಸುವಾಗ ಹಳಬರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಮರ ಕಡೆಯುವ ಕಸುಬಿನ ಮೇಲೆ ಆಸ್ಟ್ರೇಲಿಯಾಕ್ಕೆ ಹೋಗಬಹುದೆಂದು ತಿಳಿದು ಅವಳು ಅರ್ಜಿ ಹಾಕಿದಳು. ಕೆಲಸ ಗೊತ್ತಿದ್ದರೆ ಸಾಲದು, ಅದು ಕಾಗದದಲ್ಲಿ ಕಾಣಬೇಕು. ಯಾವಾಗಿನಿಂದ ಕೆಲಸ, ವಾರಕ್ಕೆ ಎಷ್ಟು ಗಂಟೆ, ಏನೇನು ಮಾಡುತ್ತಾಳೆ ಎಂದು ಯಜಮಾನರು ಬರೆದು ಸಹಿ ಹಾಕಬೇಕು. ಅವರು ಮೂರು ವಾರ ಮುಂದೂಡಿದರು. ನಮ್ಮಲ್ಲಿ ಕೆಲಸದವರ ರಿಜಿಸ್ಟರೇ ಇರಲಿಲ್ಲ. ಲೇಬರ್ ಆಫೀಸಿಗೆ ಗೊತ್ತಾದರೆ ಎಲ್ಲರಿಗೂ ಪಿ.ಎಫ್. ಕಟ್ಟಬೇಕಾಗುತ್ತದೆಂಬ ಭಯ ಅವರಿಗೆ.

“ಬರ್ಕೊಟ್ರೆ ನನ್ನ ಕುತ್ಗೇಗೇ ಬತ್ತದೆ ಕಣವ್ವಾ,” ಎಂದರು.

“ಎಂಟ್ ವರ್ಸ ಇಲ್ಲಿ ನಾನೇನು ದೆವ್ವ ಆಗಿದ್ನಾ ಸಾಮಿ? ದೆವ್ವ ಕಡ್ದಿರೋ ಬೊಂಬೇನಾ ನೀವು ಮಾರ್ಕಂಡಿದ್ದು?” ಎಂದಳು ತಂಗಿ.

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಮಾರನೆಯ ದಿನವೇ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಸೀಲು ಒತ್ತಿ ಕೊಟ್ಟರು. “ಓಗು, ಅಲ್ಲಿ ಕಾಂಗರೂಗೆ ಬಣ್ಣ ಅಚ್ಚು.”

ಆ ಕಾಗದದ ತಲೆಯಲ್ಲಿದ್ದದ್ದು ನನ್ನ ಮೇಜಿನ ಪಕ್ಕದ ಫೋನಿನ ನಂಬರು. ಅದನ್ನು ಎತ್ತುವುದು ನನ್ನ ಕೆಲಸ. ಕೆಲಸದವರ ವಿಚಾರ ಯಾರು ಕೇಳಿದರೂ ಹೇಳಬೇಕಾದ ಮಾತನ್ನು ಯಜಮಾನರು ನನಗೆ ಮೊದಲ ದಿನವೇ ಕಲಿಸಿದ್ದರು: ಇಲ್ಲಿ ಕೆಲಸದವರಿಲ್ಲ, ಮನೆಯವರೇ ಮಾಡಿಕೊಳ್ಳುತ್ತೇವೆ.

ಒಂದು ಮಧ್ಯಾಹ್ನ ಯಜಮಾನರು ಊಟಕ್ಕೆ ಹೋಗಿದ್ದಾಗ ಫೋನು ಬಂತು. ಹೆಂಗಸಿನ ದನಿ, ಪುಸ್ತಕದಂಥ ಕನ್ನಡ. ನಿಮ್ಮಲ್ಲಿ ಲೇತ್ ಕೆಲಸಕ್ಕೆ ಎಷ್ಟು ಜನರಿದ್ದಾರೆ ಎಂದು ಕೇಳಿದಳು.

“ಯಾರೂ ಇಲ್ಲ. ಮನೆಯೋರೇ ಮಾಡ್ಕತೀವಿ.”

ಅದು ಅಭ್ಯಾಸಬಲದಿಂದ ಬಂದ ಮಾತು. ಆದರೆ ಅವಳು ಫೋನಿಡಲಿಲ್ಲ. ತಂಗಿಯ ಹೆಸರು ಹೇಳಿ, ಇದು ವೀಸಾ ಅರ್ಜಿಯ ಪರಿಶೀಲನೆ, ಇವರು ಎಂಟು ವರ್ಷದಿಂದ ಅಲ್ಲಿ ಕೆಲಸದಲ್ಲಿದ್ದಾರೆಯೇ ಎಂದು ಬಿಡಿಸಿ ಕೇಳಿದಳು. ತಂಗಿ ಹತ್ತು ಹೆಜ್ಜೆ ದೂರದಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಳು. ಮಿಷನ್ನಿನ ಸದ್ದಿನಲ್ಲಿ ಅವಳಿಗೇನೂ ಕೇಳುತ್ತಿರಲಿಲ್ಲ. ಎರಡು ಬಸ್ಸಿನಲ್ಲೂ ನಾನೊಬ್ಬಳೇ ಕೂತು ಹೋಗುವುದು ಕಣ್ಣಿಗೆ ಬಂತು. ಅವಳು ಹೋಗುತ್ತಾಳೆ, ನಾನು ಪೇಪರ್ ಸುತ್ತುತ್ತಲೇ ಇರುತ್ತೇನೆ.

“ಅಂಥೋರು ಯಾರೂ ಇಲ್ಲಿಲ್ಲ,” ಎಂದೆ.

“ಖಚಿತವಾಗಿ ಹೇಳ್ತಿದ್ದೀರಾ?”

“ಹೂಂ.”

ಹತ್ತು ದಿನಕ್ಕೆ ನೋಟಿಸು ಬಂತು. ಫೋನಿನಲ್ಲಿ ವಿಚಾರಿಸಿದಾಗ ಅಂಥವರು ಇಲ್ಲವೆಂದಿದ್ದಾರೆ, ಅನುಭವದ ಪತ್ರ ಸುಳ್ಳೆಂದು ಅನುಮಾನವಿದೆ, ನಾಲ್ಕು ವಾರದಲ್ಲಿ ಉತ್ತರ ಕೊಡದಿದ್ದರೆ ಅರ್ಜಿ ವಜಾ, ಮೂರು ವರ್ಷ ಮತ್ತೆ ಹಾಕುವಂತಿಲ್ಲ. ತಂಗಿ ಅದನ್ನು ಯಜಮಾನರ ಮುಂದೆ ಹಿಡಿದಳು.

“ಕಾಗ್ದ ಕೊಟ್ಟು ಇಂದ್ಗಡೆಯಿಂದ ಇಲ್ಲ ಅಂದ್ರಾ?”

“ನಂಗ್ಯಾರೂ ಫೋನೇ ಮಾಡಿಲ್ಲ ಕಣಮ್ಮಿ!” ಯಜಮಾನರು ನನ್ನ ಕಡೆ ತಿರುಗಿದರು. “ಏನವ್ವಾ, ಯಾರಾದ್ರೂ ಮಾಡಿದ್ರಾ?”

“ಇಲ್ಲ,” ಎಂದೆ.

ಅಕ್ಕನೇ ಫೋನು ಬಂದಿಲ್ಲವೆಂದ ಮೇಲೆ, ಅದನ್ನು ಎತ್ತಿದವರು ಯಜಮಾನರೇ ಎಂಬುದರಲ್ಲಿ ತಂಗಿಗೆ ಅನುಮಾನ ಉಳಿಯಲಿಲ್ಲ. ಅವರನ್ನು ಸುಳ್ಳುಗಾರ ಎಂದಳು. ಅವರು ಮುಖ ಕೆಂಪಗೆ ಮಾಡಿಕೊಂಡು, ಇನ್ನೊಂದು ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಎದ್ದುಹೋದರು. ಆಮೇಲೆ ದಿನವೂ ಬಸ್ಸಿನಲ್ಲಿ ಅವಳು ಉಳಿದ ದಿನ ಎಣಿಸುತ್ತಿದ್ದಳು. ಹದಿನಾರು, ಹನ್ನೊಂದು, ಆರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಬಾಯಿಗೆ ಬಂದ ಮಾತು ರಾಮನಗರದ ಸ್ಟ್ಯಾಂಡು ಬರುವಷ್ಟರಲ್ಲಿ ಒಳಗೇ ಇಂಗುತ್ತಿತ್ತು.

ಅರ್ಜಿ ವಜಾ ಆಯಿತು. ಮಾರನೆಯ ದಿನ ಅವಳು ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ಹೊರಡುವ ಮುಂಚೆ ಎಲ್ಲರೆದುರು ಯಜಮಾನರಿಗೆ ಹೇಳಿದಳು: “ನಿಮ್ಮ ಮಕ್ಳಿಗೆ ಇಂಗೇ ಮಾಡ್ತಿದ್ರಾ?”

ಆ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ಮಿಷನ್ನುಗಳು ಒಂದೊಂದಾಗಿ ನಿಂತವು. ತಂಗಿ ಬಾಗಿಲ ಹತ್ತಿರ ಹೋಗಿದ್ದಳು. ನಾನು ಎದ್ದು ಹೋಗಿ ಅವಳ ರಟ್ಟೆ ಹಿಡಿದುಕೊಂಡೆ.

“ಅವರ್ನ ಬೈಬೇಡ ಕಣೆ. ಫೋನ್ ಬಂದಿತ್ತು, ಎತ್ತಿದ್ದು ನಾನು. ಮೊದ್ಲು ಎದ್ರಿಕೇಲಿ ಇಲ್ಲ ಅಂದೆ. ಆಮೇಲೆ ನಿನ್ನ ಎಸ್ರು ಏಳಿದ್ಮ್ಯಾಲೂ ಇಲ್ಲ ಅಂದೆ. ನೀನು ಓಗ್ಬುಡ್ತೀಯ ಅಂತ ಅಂದೆ. ತಪ್ಪಾಯ್ತು ಕಣವ್ವಾ. ನಂದೇ ತಪ್ಪು. ಕ್ಷಮಿಸ್ಬುಡು.”