ಬಾಯಿ ಬಿಡಿಸಿ ನೋಡದ ಕುರಿ

ಮಲ್ಲಪ್ಪನಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಸಾಲದು, ಆ ಮೂಗೇ ಎರಡು ಸಲ ಮುರಿದಿತ್ತು. ಒಂದು ಸಲ ತಮಿಳುನಾಡಿನ ಓಮಲೂರಿನ ಬಸ್ ಸ್ಟ್ಯಾಂಡಿನಲ್ಲಿ, ಕಂಕುಳಲ್ಲಿದ್ದ ಕುರಿಮರಿಗೂ ಟಿಕೆಟ್ ತೆಗಿ ಎಂದ ಕಂಡಕ್ಟರನ ಜೊತೆ. ಇನ್ನೊಂದು ಸಲ ಸ್ವಂತ ಭಾವಮೈದುನನ ಮದುವೆಯ ಊಟದ ಪಂಕ್ತಿಯಲ್ಲಿ. ಎರಡು ಸಲವೂ ಎದುರಿನವನಿಗೆ ಮುರಿದದ್ದು ಹೆಚ್ಚು. ಮಾತು ಗಂಟಲಿಗೆ ಬರುವ ಮೊದಲೇ ಕೈ ಎದ್ದುಬಿಡುವ ಜಾತಿಯ ಮನುಷ್ಯ ಅವನು. ಆದರೂ ಕಾರಿಮಂಗಲಂ ಸಂತೆಯಲ್ಲಿ ಅವನು ಬಂದರೆ ಜನ ಎದ್ದು ಜಾಗ ಬಿಡುತ್ತಿದ್ದರು, ಅರ್ಧ ಭಯಕ್ಕೆ, ಅರ್ಧ ಮರ್ಯಾದೆಗೆ.

ಮರ್ಯಾದೆ ಯಾಕೆಂದರೆ ಕುರಿಯ ವಯಸ್ಸು ಹೇಳುವುದರಲ್ಲಿ ಆ ಸೀಮೆಗೆಲ್ಲ ಅವನೊಬ್ಬನೇ. ಕುರಿಯ ಕೆಳದವಡೆ ಹಿಡಿದು ಹೆಬ್ಬೆರಳಿನಿಂದ ತುಟಿ ಸರಿಸುತ್ತಿದ್ದ. ಹಾಲುಹಲ್ಲೇ ಇದ್ದರೆ ವರ್ಷದೊಳಗಿನ ಮರಿ. ಅಗಲದ ಹಲ್ಲು ಎರಡು ಬಂದಿದ್ದರೆ ಇಷ್ಟು, ನಾಲ್ಕು ಬಂದಿದ್ದರೆ ಇಷ್ಟು, ಎಂಟೂ ತುಂಬಿ ಬಾಯಿಗೂಡಿದ್ದರೆ ಇಷ್ಟು. ಕೊಳ್ಳುವವನೂ ಮಾರುವವನೂ ಎಷ್ಟೇ ಬಾಯಿ ಬಡಿದುಕೊಂಡರೂ ಮಲ್ಲಪ್ಪ ಹೇಳಿದ ಮೇಲೆ ಮುಗಿಯಿತು. ಜಗಳ ಬಿಡಿಸಿದವನಿಗೆ ಆ ಕುರಿ ಕಡಿದ ದಿನ ತಲೆ ಕಳಿಸಬೇಕು, ಅದು ಅಲ್ಲಿನ ಪದ್ಧತಿ. ಮಲ್ಲಪ್ಪನ ಮನೆಗೆ ಬಂದಷ್ಟು ಕುರಿತಲೆ ಇನ್ಯಾರ ಮನೆಗೂ ಬಂದಿರಲಿಕ್ಕಿಲ್ಲ.

ಇಂಥವನ ಬಾಯಿಂದ ಒಂದು ಸುಳ್ಳು ಹೊರಟಿತು. ಅದೂ ಎಂಥ ಸುಳ್ಳು!

ತೊಂಬತ್ತನೇ ಇಸವಿ. ಪಳನಿಯಪ್ಪನ್ ಎಂಬ ದೊಡ್ಡ ಹಿಂಡಿನವನ ಹಟ್ಟಿಯಿಂದ ಒಂದು ಕಂದು ಮರಿ ಕಾಣೆಯಾಯಿತು. ಅದೇ ವಾರ ಶಿವರಾಮನ ಹಟ್ಟಿಯಲ್ಲಿ ಅಂಥದೇ ಒಂದು ಕಂದು ಕುರಿ ಕಂಡಿತು. ಶಿವರಾಮ ಇಪ್ಪತ್ತು ಕುರಿಯ ಬಡವ. ಮೇಚೇರಿ ಕಡೆಯಿಂದ ತಂದ ಗಿಡ್ಡ ಕುರಿ ಅದು, ಬೆಳೆಯಲೇ ಇಲ್ಲ ಎಂದು ಅವನು. ನನ್ನ ಮರಿಯೇ ಎಂದು ಪಳನಿಯಪ್ಪನ್. ಕಿವಿಯ ಗುರುತು ನೋಡೋಣವೆಂದರೆ ಇಬ್ಬರೂ ಎಡಗಿವಿಯ ತುದಿ ಸೀಳುವವರೇ. ಮಲ್ಲಪ್ಪನನ್ನು ಕರೆಸಿದರು.

ಹಿಂದಿನ ಸಂತೆಯಲ್ಲಿ ಇದೇ ಶಿವರಾಮ ಒಂದು ಟಗರಿನ ಹಲ್ಲಿನ ವಿಷಯದಲ್ಲಿ, "ಮಲ್ಲಣ್ಣಂಗೆ ಕಣ್ಣು ಮಂಜಾಗವೆ" ಎಂದು ತಮಾಷೆ ಮಾಡಿದ್ದ. ಹತ್ತು ಜನ ಹಲ್ಲು ಕಿಸಿದಿದ್ದರು. ಆ ಉರಿ ಮಲ್ಲಪ್ಪನ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ. ಹಟ್ಟಿಯ ಮುಳ್ಳುಬೇಲಿಯ ಆಚೆಯೇ ನಿಂತು ಕುರಿಯ ಗಾತ್ರ ನೋಡಿದ.

"ಈ ವರ್ಸದ ಮರಿ. ಪಳನಿಯಪ್ಪಂದೇ."

"ಬಾಯಿ ಬಿಡ್ಸಿ ನೋಡು ಮಲ್ಲಣ್ಣಾ! ನಿನ್ ಕಾಲಿಗ್ ಬೀಳ್ತೀನಿ, ಒಂದ್ ಸತಿ ಬಾಯಿ ಬಿಡ್ಸಿ ನೋಡು!" ಎಂದು ಶಿವರಾಮ ಕೂಗಿದ.

"ನಂಗೇ ಏಳ್ಕೊಡ್ತೀಯೇನ್ಲಾ ಕಳ್ಳ ನನ್ಮಗನೆ?" ಎಂದು ಬೇಲಿ ಹಾರಿ ಮೊದಲ ಏಟು ಕೊಟ್ಟವನು ಮಲ್ಲಪ್ಪನೇ. ಕಪಾಳಕ್ಕೆ. ಅಲ್ಲಿಂದ ಮುಂದೆ ಯಾರ ಕೈ ಯಾರ ಕಾಲು ತಿಳಿಯಲಿಲ್ಲ. ಪಳನಿಯಪ್ಪನ ಆಳುಗಳು ಶಿವರಾಮನನ್ನು ಹುಣಸೆಮರಕ್ಕೆ ಕಟ್ಟಿ ಬಿದಿರಿನ ಗಳದಿಂದ ಬಾರಿಸಿದರು. ಗಳ ಸೀಳಿದ ಮೇಲೆ ಒಬ್ಬ ಗುಂಡುಕಲ್ಲು ಎತ್ತಿ ಎಡಮಂಡಿಯ ಮೇಲೆ ಹಾಕಿದ. ಮೂಳೆಯ ಸದ್ದು ಬೇಲಿಯ ಹೊರಗಿದ್ದವರಿಗೂ ಕೇಳಿಸಿತು. ಶಿವರಾಮನ ಮಗಳು ಶಾಂತಿ, ಹತ್ತು ವರ್ಷದವಳು, ಅಪ್ಪನ ಕಾಲು ತಬ್ಬಿಕೊಳ್ಳಲು ಬಂದು ರಕ್ತದಲ್ಲಿ ಜಾರಿ ಬಿದ್ದಳು. ಕುರಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅದು ಮೂಲೆಯಲ್ಲಿ ನಿಂತು ಹುಲ್ಲು ಜಗಿಯುತ್ತಿತ್ತು.

ಮೂರನೇ ದಿನ ಪಳನಿಯಪ್ಪನ್ ಆ ಕುರಿಯನ್ನು ಮಾರಮ್ಮನಿಗೆ ಕಡಿಸಿ, ಪದ್ಧತಿಯಂತೆ ತಲೆಯನ್ನು ಮಲ್ಲಪ್ಪನ ಮನೆಗೆ ಕಳಿಸಿದ. ಹೆಂಡತಿ ಲಕ್ಷ್ಮಕ್ಕ ಅದನ್ನು ಒಲೆಯ ಬೆಂಕಿಯಲ್ಲಿ ಸುಡುತ್ತಿದ್ದಳು. ಕಾವಿಗೆ ತುಟಿ ಸುರುಟಿಕೊಂಡು ಬಾಯಿ ತಾನಾಗಿಯೇ ತೆರೆಯಿತು. ಎಂಟೂ ಹಲ್ಲು. ಅಗಲವಾದ, ಸವೆದ, ಹಳದಿಗಟ್ಟಿದ ಎಂಟು ಹಲ್ಲು. ಐದು ವರ್ಷಕ್ಕೆ ಕಡಿಮೆಯಿಲ್ಲದ ಗಿಡ್ಡ ಕುರಿ.

ಲಕ್ಷ್ಮಕ್ಕ ಗಂಡನ ಮುಖ ನೋಡಿದಳು. "ಓಗಿ ಏಳ್ಬುಟ್ಟು ಬಾ," ಎಂದಳು.

"ಏಳುದ್ರೆ ನನ್ನ ಕಡಿದಾಕ್ತಾರೆ ಕಣೇ. ಸಂತೇಲಿ ನನ್ ಮಾತು ಯಾರ್ ನಂಬ್ತಾರೆ ಆಮ್ಯಾಕೆ?" ಎಂದವನೇ ಹೆಂಡತಿಯ ಕೆನ್ನೆಗೆ ಬಿಗಿದು, ಆಚೆ ಎಸಿ ಇದನ್ನ ಎಂದು ಹೊರಗೆ ಹೋದ. ಆಕೆ ತಲೆಯನ್ನು ಎಸೆದಳು. ದವಡೆಯನ್ನು ಎಸೆಯಲಿಲ್ಲ.

ಶಿವರಾಮನ ಕಾಲು ಕಟ್ಟಿಗೆಯಂತೆ ಸೆಟೆದು ನಿಂತಿತು, ಊರುಗೋಲು ಬಂತು. ಅದಕ್ಕಿಂತ ಗಟ್ಟಿಯಾಗಿ ಅಂಟಿಕೊಂಡದ್ದು ಕಳ್ಳ ಎಂಬ ಹೆಸರು. ಅವನ ಕುರಿಗಳು ಬಂದರೆ ನೀರಿನ ತೊಟ್ಟಿಯಿಂದ ಉಳಿದವರು ತಮ್ಮ ಹಿಂಡು ಎಬ್ಬಿಸುತ್ತಿದ್ದರು. ಶಾಂತಿ ದೊಡ್ಡವಳಾದ ಮೇಲೆ ನೋಡಲು ಬಂದ ಎರಡು ಗಂಡುಗಳೂ ಕಳ್ಳನ ಮಗಳು ಎಂದು ಕೇಳಿ ಕಾಫಿ ಮುಟ್ಟದೆ ಎದ್ದು ಹೋದವು. ಆ ಹೆಸರು ತೆಗೆಯಬಲ್ಲವನು ಲೋಕದಲ್ಲಿ ಒಬ್ಬನೇ ಇದ್ದ, ಅವನು ಬಾಯಿ ಹೊಲಿದುಕೊಂಡಿದ್ದ.

ಮಲ್ಲಪ್ಪ ಕುರಿ ಮಾರಿದ, ಸಂತೆ ಬಿಟ್ಟ. ಅರೂರಿನಾಚೆ ಒಂದು ಗುಡ್ಡದ ಮೇಲೆ ನಕ್ಷತ್ರ ನೋಡುವ ದೊಡ್ಡ ದೂರದರ್ಶಕ ಇತ್ತು. ಅದರ ಗುಮ್ಮಟದ ಬಾಗಿಲು ತೆರೆಯುವ, ಮುಚ್ಚುವ, ನೆಲ ಒರೆಸುವ ಕೆಲಸಕ್ಕೆ ಸೇರಿದ. ಮೊದಲ ತಿಂಗಳೇ ಕಾವಲಿನವನ ಮುಂಗೈ ತಿರುಚಿದ. ಆದರೂ ಇಟ್ಟುಕೊಂಡರು, ಆ ಗುಡ್ಡಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಬೆಂಗಳೂರಿನಿಂದ ಕೃಷ್ಣಪ್ರಸಾದ್ ಎಂಬ ವಿಜ್ಞಾನಿ, ಬಾಲಾಜಿ ಎಂಬ ಶಿಷ್ಯನ ಜೊತೆ ಬಂದ. ತಮಿಳರ ನಡುವೆ ಕನ್ನಡದವನು ಸಿಕ್ಕಿದ ಎಂದು ಮಲ್ಲಪ್ಪನಿಗೆ ಎಲ್ಲಿಲ್ಲದ ಖುಷಿ. ಒಂದು ಬೆಳಿಗ್ಗೆ ಟೀ ತಂದಾಗ ಇಬ್ಬರೂ ಒಂದು ಉದ್ದದ ಕಾಗದದ ಮೇಲೆ ಬಗ್ಗಿದ್ದರು. ಕಾಗದದಲ್ಲಿ ಏರಿಳಿಯುವ ಒಂದೇ ಗೆರೆ.

"ಇದೇನು ಸಾಮಿ?"

"ಒಂದು ಮಂಕು ಕೆಂಪು ಚುಕ್ಕೆಯ ಬೆಳಕನ್ನು ಬಿಡಿಸಿ ಹರಡಿದ್ದೀವಿ ಮಲ್ಲಪ್ಪನವರೇ. ವರ್ಣಪಟಲ ಅಂತೀವಿ. ಅದರ ವಯಸ್ಸು, ಅದು ಏನು ಅನ್ನೋದು, ಎಲ್ಲ ಇದರಲ್ಲೇ ಓದಬೇಕು."

ವಯಸ್ಸು ಎಂದ ಕೂಡಲೇ ಮಲ್ಲಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಕೃಷ್ಣಪ್ರಸಾದ್ ಒಂದು ಸಣ್ಣ ತಗ್ಗಿನ ಮೇಲೆ ಪೆನ್ಸಿಲ್ ಇಟ್ಟ. "ಇದು ಲಿಥಿಯಂ ಅನ್ನೋ ಧಾತು. ನಿಜವಾದ ನಕ್ಷತ್ರದ ಹೊಟ್ಟೆ ಕಾವು ಜೋರು, ಇದನ್ನು ಸುಟ್ಟು ಮುಗಿಸುತ್ತೆ. ಕಂದು ಕುಬ್ಜ ಅಂತ ಇನ್ನೊಂದಿದೆ. ನಕ್ಷತ್ರ ಆಗಬೇಕಿತ್ತು, ತೂಕ ಸಾಲಲಿಲ್ಲ. ತೀರಾ ಹಗುರವಾಗಿದ್ದರೆ ಎಷ್ಟು ಕಾಲವಾದರೂ ಅದರಲ್ಲಿ ಲಿಥಿಯಂ ಹಾಗೇ ಉಳಿಯುತ್ತೆ."

"ಅಂದ್ರೆ ಇದು ಆ ಕುಬ್ಜಾನೇ?"

"ಅಲ್ಲೇ ಮೋಸ ಇರೋದು. ಈಗ ಹುಟ್ಟಿದ ಎಳೆ ನಕ್ಷತ್ರದಲ್ಲೂ ಲಿಥಿಯಂ ಇರುತ್ತೆ, ಸುಡೋಕೆ ಹೊತ್ತಾಗಿಲ್ಲ ಅಷ್ಟೆ. ಎಳೆಯದೋ ಹಳೆಯದೋ ಅಂತ ಸೋಡಿಯಂ ಗೆರೆ, ಇಂಥದೇ ಇನ್ನೊಂದು ತಗ್ಗು, ಹೇಳುತ್ತೆ. ಎಳೆಯದು ಉಬ್ಬಿಕೊಂಡಿರುತ್ತೆ, ಗೆರೆ ತೆಳು. ಹಳೆಯದು ಕುಗ್ಗಿ ಬಿಗಿಯಾಗಿರುತ್ತೆ, ಗೆರೆ ಆಳ. ಆ ಭಾಗ ಇನ್ನೂ ಬಿಡಿಸಿಲ್ಲ."

ತಮಿಳು ಬೆರೆಸಿ ಮಾತಾಡುವ ಬಾಲಾಜಿ ನಗುತ್ತ ಕುರ್ಚಿ ಹಿಂದೆ ಸರಿಸಿದ. "ಅದೆಲ್ಲ ಎದುಕ್ಕು ಸಾರ್? ಇಷ್ಟು ಮಂಕು, ಇಷ್ಟು ಚಿಕ್ಕದು. ನೋಡಿದ್ರೇನೇ ಗೊತ್ತಾಗುತ್ತೆ. ಬಿಡಿಸಿ ಏನ್ ನೋಡೋದು? ಕಂದು ಕುಬ್ಜ ಅಂತ ಹೇಳಿಬಿಡೋಣ."

ಮಲ್ಲಪ್ಪನಿಗೆ ಏನಾಯಿತೋ ಅವನಿಗೇ ತಿಳಿಯಲಿಲ್ಲ. ಟೀ ಲೋಟ ಗೋಡೆಗೆ ಹೋಯಿತು. ಹುಡುಗನ ಕೊರಳಪಟ್ಟಿ ಹಿಡಿದು ಕುರ್ಚಿಯಿಂದ ಕಿತ್ತು ಕಬ್ಬಿಣದ ಕಪಾಟಿಗೆ ಅಪ್ಪಳಿಸಿದ. ಒಮ್ಮೆಯಲ್ಲ, ಎರಡು ಬಾರಿ. ಬಾಲಾಜಿಯ ಹುಬ್ಬು ಒಡೆದು ರಕ್ತ ಕನ್ನಡಕದ ಮೇಲೆ ಇಳಿಯಿತು.

"ಬಿಡ್ಸಿ ನೋಡ್ಲಾ ಮೊದ್ಲು! ನೋಡ್ದೇ ಏಳ್ತೀಯಾ? ನೋಡ್ದೇ ಏಳುದ್ರೆ ಏನಾಯ್ತದೆ ಗೊತ್ತೇನ್ಲಾ ನಿಂಗೆ?"

ಕೃಷ್ಣಪ್ರಸಾದ್ ಹಿಂದಿನಿಂದ ಸೊಂಟ ಹಿಡಿದು ಎಳೆದ. ಎಳೆದ ರಭಸಕ್ಕೆ ಇಬ್ಬರೂ ನೆಲಕ್ಕೆ ಬಿದ್ದರು. ಬಿದ್ದಲ್ಲೇ ಮಲ್ಲಪ್ಪ ಗೊಳೋ ಎಂದು ಅತ್ತ, ಏಳು ವರ್ಷದ್ದನ್ನೆಲ್ಲ ಒಟ್ಟಿಗೆ. ಬಾಲಾಜಿಯ ಹುಬ್ಬಿಗೆ ಬಟ್ಟೆ ಒತ್ತಿಕೊಂಡೇ ಕೃಷ್ಣಪ್ರಸಾದ್ ಎಲ್ಲ ಕೇಳಿಸಿಕೊಂಡ. ಬೇಲಿ, ಗಳ, ಕಲ್ಲು, ಒಲೆಯ ಮೇಲೆ ತೆರೆದ ಬಾಯಿ.

ಮಧ್ಯಾಹ್ನದ ಹೊತ್ತಿಗೆ ಉಳಿದ ಭಾಗವೂ ಕಾಗದಕ್ಕೆ ಬಂತು. ಸೋಡಿಯಂ ಗೆರೆ ಕಡಿದಿಟ್ಟಂತೆ ಆಳವಾಗಿತ್ತು. "ಹಳೆಯದು," ಎಂದ ಕೃಷ್ಣಪ್ರಸಾದ್. "ಚಿಕ್ಕದು, ಆದರೆ ಎಳೆಯದಲ್ಲ. ಬಾಲಾಜಿ ಹೇಳಿದ್ದೇ ಸರಿಯಾಯ್ತು, ನೋಡದೇ ಹೇಳಿದ್ದು ಮಾತ್ರ ತಪ್ಪು." ಆಮೇಲೆ ಮಲ್ಲಪ್ಪನ ಕಡೆ ತಿರುಗಿ, "ನಾವು ತಪ್ಪು ಹೇಳಿದರೆ ಮುಂದಿನ ತಿಂಗಳು ತಿದ್ದಿ ಬರೀತೀವಿ. ಅದರಿಂದ ನಕ್ಷತ್ರಕ್ಕೆ ಒಂದು ಏಟೂ ಬೀಳಲ್ಲ. ನಿಮ್ಮದು ಹಾಗಲ್ಲವಲ್ಲ, ಮಲ್ಲಪ್ಪನವರೇ," ಎಂದ. ಕೆಲಸ ಉಳಿಯುವುದಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳಿದ. ಮಲ್ಲಪ್ಪ ಬಾಲಾಜಿಯ ಮುಂದೆ ಕೈಮುಗಿದು ಗುಡ್ಡ ಇಳಿದ.

ಮನೆಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ಲಕ್ಷ್ಮಕ್ಕನಿಗೆ ಗೊತ್ತಾಯಿತು. ಅಟ್ಟಕ್ಕೆ ಕೈ ಹಾಕಿ ಹಳೇ ಸೀರೆಯ ತುಂಡಿನ ಗಂಟೊಂದನ್ನು ಅವನ ಮುಂದಿಟ್ಟಳು. ಹೊಗೆಗೆ ಕಪ್ಪಾದ ದವಡೆ, ಎಂಟೂ ಹಲ್ಲು ಗಟ್ಟಿಯಾಗಿದ್ದವು.

"ನೀನು ಯಾವತ್ತಾದ್ರೂ ಕೇಳ್ತೀಯ ಅಂತ ಮಡಗಿದ್ದೆ," ಎಂದಳು. "ಏಳು ವರ್ಸ ಬೇಕಾಯ್ತಾ ನಿಂಗೆ?"

ಮುಂದಿನ ಸಂತೆಯ ದಿನ, ಉರಿಬಿಸಿಲಲ್ಲಿ, ಕುರಿಗಳ ಸಾಲಿನ ನಡುವೆ ನಿಂತು ಮಲ್ಲಪ್ಪ ದವಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದ. "ಕೇಳ್ರಪ್ಪೋ! ಶಿವರಾಮ ಕದ್ದಿಲ್ಲ! ಪಳನಿಯಪ್ಪ ಕಡಿಸಿದ್ದು ಮರಿಯಲ್ಲ, ಬಾಯಿಗೂಡಿದ ಕುರಿ! ನಾನು ನೋಡ್ದೇ ಏಳಿದ್ದು!"

ಮೊದಲು ಬಂದವನು ಪಳನಿಯಪ್ಪನ್. "ಡೇಯ್, ಎನ್ನಡಾ ಉಳರ್ರೆ?" ಏನೋ ಬಡಬಡಿಸ್ತೀಯ ಎಂದು ತಮಿಳಿನಲ್ಲಿ ಗದರಿ ಮಲ್ಲಪ್ಪನ ಎದೆಗೆ ಒದ್ದ. ಅವನ ಇಬ್ಬರು ಮಕ್ಕಳು ಸೇರಿ ಪಕ್ಕೆಲುಬಿಗೆ ಇಕ್ಕಿದರು. ಸಂತೆಯ ಜನ ಕಾದು ನಿಂತರು, ಈಗ ಮಲ್ಲಪ್ಪ ಎದ್ದು ಇವರ ಚರ್ಮ ಸುಲಿಯುತ್ತಾನೆ ಎಂದು. ಮಲ್ಲಪ್ಪ ಕೈ ಎತ್ತಲಿಲ್ಲ. ಹುಟ್ಟಿ ಐವತ್ತು ವರ್ಷಕ್ಕೆ ಅದೇ ಮೊದಲು. ಅಷ್ಟರಲ್ಲಿ ಊರುಗೋಲಿನ ಸದ್ದು ಕೇಳಿತು, ಜನ ದಾರಿ ಬಿಟ್ಟರು. ಶಾಂತಿಯ ಭುಜ ಹಿಡಿದುಕೊಂಡು ಶಿವರಾಮ ಬಂದು ನಿಂತ.

"ಯಾವಾಗ್ ಗೊತ್ತಾಯ್ತು ಮಲ್ಲಣ್ಣ ನಿಂಗೆ?" ಎಂದು ಮೆಲ್ಲಗೆ ಕೇಳಿದ. "ಆ ಗುಡ್ಡದ ಮ್ಯಾಗಿನ ಸಾಮಿಗೋಳು ಏಳುದ್ರಾ?"

ಹೌದು ಎಂದರೆ ಸಾಕಿತ್ತು. ಎಲ್ಲರೂ ನಂಬುತ್ತಿದ್ದರು, ಅಯ್ಯೋ ಪಾಪ ಎಂದು ನೀರು ಕೊಡುತ್ತಿದ್ದರು. ಮಲ್ಲಪ್ಪ ರಕ್ತ ಉಗುಳಿದ.

"ಇಲ್ಲ ಕಣಪ್ಪ. ಮೂರ್ನೇ ದಿನಾನೇ ಗೊತ್ತಾಯ್ತು. ತಲೆ ಸುಡೋವಾಗ."

ಶಿವರಾಮ ಮಗಳ ಭುಜದಿಂದ ಕೈ ತೆಗೆದು, ಒಂಟಿಕಾಲಲ್ಲಿ ತೂಗಾಡುತ್ತ, ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಮಲ್ಲಪ್ಪನ ಬಾಯಿಗೆ ಬೀಸಿದ. ಎರಡನೇ ಏಟಿಗೆ ಹಲ್ಲು ಉದುರಿ ದೂಳಿಗೆ ಬಿದ್ದವು. ಮೂರನೆಯದು ಹೆಗಲಿಗೆ. ನಾಲ್ಕನೆಯದಕ್ಕೆ ಆಯ ತಪ್ಪಿ ತಾನೇ ಮಲ್ಲಪ್ಪನ ಪಕ್ಕ ಕುಸಿದು ಬಿದ್ದ. ಇಬ್ಬರೂ ಏದುಸಿರು ಬಿಡುತ್ತ ಕುರಿಹಿಕ್ಕೆಯ ನಡುವೆ ಬಿದ್ದಿದ್ದರು. ಪಳನಿಯಪ್ಪನ ಮಕ್ಕಳು ಮುಂದೆ ಬಂದಾಗ ಮಲ್ಲಪ್ಪ ತನ್ನ ಮೈಯನ್ನು ಶಿವರಾಮನಿಗೆ ಅಡ್ಡ ಹಾಕಿದ.

ಶಾಂತಿ ಬಗ್ಗಿ, ಮಲ್ಲಪ್ಪನ ಕೈಯಿಂದ ಜಾರಿ ಬಿದ್ದಿದ್ದ ಕುರಿಯ ದವಡೆಯನ್ನು ಎತ್ತಿ ಸೆರಗಿನಲ್ಲಿ ಒರೆಸಿ ಅಪ್ಪನ ಕೈಗೆ ಕೊಟ್ಟಳು. ಶಿವರಾಮ ಕೂತಲ್ಲೇ ಹೆಬ್ಬೆರಳು ಹಲ್ಲಿನಿಂದ ಹಲ್ಲಿಗೆ ಸರಿಸುತ್ತ ಗಟ್ಟಿಯಾಗಿ ಎಣಿಸತೊಡಗಿದ. ಒಂದು, ಎರಡು, ಮೂರು. ಏಳಾದ ಮೇಲೆ ಅವನ ಹೆಬ್ಬೆರಳು ಕೊನೆಯ ಹಲ್ಲಿನ ಮೇಲೆ ನಿಂತುಬಿಟ್ಟಿತು. ಪಕ್ಕದಲ್ಲಿ ಬಿದ್ದಿದ್ದ ಮಲ್ಲಪ್ಪ, ಒಡೆದ ಬಾಯಿಂದಲೇ, "ಎಂಟು," ಎಂದ.

"ನನ್ ಕುರಿ ಕಣ್ರೋ," ಎಂದ ಶಿವರಾಮ.